ಸಾಲನ್ನು ಅಳಿಸುವ ಮುನ್ನ

ಹರಪನಹಳ್ಳಿಯಲ್ಲಿ ೧೯೪೦ರಲ್ಲಿ ಹುಟ್ಟಿ, ಹುಟ್ಟಿದ ಮನೆಯನ್ನು ಬಿಟ್ಟು ಎಲ್ಲಿಯೂ ನೆಲೆಸದೆ ಬಾಳಿದ ಒಬ್ಬ ಹಿರಿಯರನ್ನು ಊಹಿಸಿಕೊಳ್ಳೋಣ. ಅವರು ಹುಟ್ಟಿದುದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ. ೧೯೫೩ರ ಅಕ್ಟೋಬರ್ ೧ರಂದು ಅವರು ಮೈಸೂರು ರಾಜ್ಯದವರಾದರು. ೧೯೭೩ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ೧೯೯೭ರಲ್ಲಿ ಅವರ ತಾಲ್ಲೂಕು ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿತು. ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಇಷ್ಟೆಲ್ಲ ಆಗುವಾಗ ಹಿರಿಯರ ಮನೆ ಒಂದಂಗುಲವಾದರೂ ಕದಲಲಿಲ್ಲ. ಹಾಗಾದರೆ ಕದಲಿದುದು ಯಾವುದು? ಪಟ್ಟಿಯೊಳಗಿನ ಒಂದು ಸಾಲು ಮಾತ್ರ. ಒಂದು ಜಿಲ್ಲೆಯ ಪಟ್ಟಿಯಿಂದ ಅದನ್ನು ಕಿತ್ತು ಇನ್ನೊಂದು ಜಿಲ್ಲೆಯ ಪಟ್ಟಿಯಲ್ಲಿ ಸೇರಿಸಿದರು; ಮತ್ತೆ ಕಿತ್ತರು, ಮತ್ತೆ ಸೇರಿಸಿದರು.

ಸಾಲನ್ನು ಕೀಳುವುದು, ಸಾಲನ್ನು ಸೇರಿಸುವುದು—ಇದು ಗುಮಾಸ್ತೆಯ ಕೆಲಸ, ಇದರಲ್ಲಿ ವಿಜ್ಞಾನವೇನಿದೆ ಎಂದು ವಾಚಕರು ಕೇಳಬಹುದು. ನಾವು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವರು. ಪ್ರಯೋಗಶಾಲೆಯ ಅಳತೆಗಳನ್ನು ಗಣಕಯಂತ್ರಕ್ಕೆ ಊಡಿಸುವ ವಿದ್ಯಾರ್ಥಿಗಳನ್ನು ದಿನವೂ ನೋಡುತ್ತಿದ್ದೇವೆ. ಗುಂಡಿಯನ್ನೊತ್ತಿದರೆ ಸಾಲು ಮಾಯವಾಗುತ್ತದೆ, ಇನ್ನೊಂದನ್ನೊತ್ತಿದರೆ ಹೊಸ ಸಾಲು ಹುಟ್ಟುತ್ತದೆ ಎಂಬಷ್ಟನ್ನು ಅವರು ಬಲ್ಲರು. ಗುಂಡಿಯನ್ನೊತ್ತಿದಾಗ ನಿಜವಾಗಿ ಆದುದೇನು ಎಂದು ಕೇಳಿದರೆ ಮಾತ್ರ ಮೌನ. ಈ ಮೌನ ಒಳ್ಳೆಯದಲ್ಲವೆಂಬುದೇ ಈ ಲೇಖನದ ಅಭಿಪ್ರಾಯ. ಸಾಲನ್ನು ಅಳಿಸುವುದಕ್ಕೆ ಮುಂಚೆ ಅಳಿಸುವುದರ ಅರ್ಥವನ್ನು ಕಲಿಸಬೇಕು. ಅದಕ್ಕೆ ತಕ್ಕ ಸ್ಥಳವೆಂದರೆ ನಾವು ಈಗಾಗಲೇ ಪಾಠ ಹೇಳುತ್ತಿರುವ ಮಾತೃಕೆಗಳ ಅಧ್ಯಾಯ.

ಮಾತೃಕೆಯೆಂದರೆ ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿದ ಅಂಕಿಗಳ ಆಯತ. ಇಂದಿನ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳನ್ನು ಒಂದರ ಕೆಳಗೊಂದು ಬರೆಯಿರಿ: ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ. ಇವು ಆರು ಅಡ್ಡಸಾಲುಗಳು. ಮೇಲ್ಗಡೆ ಜನಸಂಖ್ಯೆ, ವಿಸ್ತೀರ್ಣ, ಮಳೆ, ಶಾಲೆಗಳು ಎಂದು ನಾಲ್ಕು ತಲೆಬರಹಗಳನ್ನು ಬರೆಯಿರಿ. ಇವು ಕಂಬಸಾಲುಗಳು. ಆರು ನಾಲ್ಕಲೆ ಇಪ್ಪತ್ತನಾಲ್ಕು ಮನೆಗಳ ಮಾತೃಕೆ ಸಿದ್ಧವಾಯಿತು. ಆಯತವು ಆಯತವಾಗಿಯೇ ಉಳಿಯಬೇಕಾದುದರಿಂದ ಇದರೊಳಗಿನ ಒಂದೇ ಒಂದು ಮನೆಯನ್ನು ಕಿತ್ತುಹಾಕಲು ಬರುವುದಿಲ್ಲ. ತೆಗೆದರೆ ಇಡೀ ಅಡ್ಡಸಾಲನ್ನೋ ಇಡೀ ಕಂಬಸಾಲನ್ನೋ ತೆಗೆಯಬೇಕು. ಇದು ಮೊದಲನೆಯ ನಿಯಮ.

ನಾವು ಕಾಗದದ ಮೇಲೆ ಆಯತವನ್ನು ಕಾಣುತ್ತೇವೆ; ಗಣಕಯಂತ್ರದ ಸ್ಮೃತಿಯಲ್ಲಿ ಆಯತವೆಂಬುದಿಲ್ಲ. ಅಲ್ಲಿರುವುದು ಒಂದೇ ಉದ್ದನೆಯ ಪಂಕ್ತಿ. ಕೊಟ್ಟೂರಿನ ರಥೋತ್ಸವಕ್ಕೆ ಬಂದ ಜನ ಪ್ರಸಾದಕ್ಕೆ ಪಂಕ್ತಿಯಲ್ಲಿ ಕುಳಿತಿದ್ದಾರೆಂದು ಭಾವಿಸಿ. ತಡವಾಗಿ ಬಂದವರು ಕೊನೆಯಲ್ಲಿ ಕುಳಿತರೆ ಯಾರೂ ಏಳಬೇಕಾಗಿಲ್ಲ. ನಡುವೆಯೇ ಕೂರುತ್ತೇವೆಂದು ಹಟ ಹಿಡಿದರೆ ಅವರ ಮುಂದಿನವರೆಲ್ಲರೂ ಎಲೆಸಹಿತ ಸರಿಯಬೇಕು. ಮಾತೃಕೆಯ ಸ್ಥಿತಿಯೂ ಹೀಗೆಯೇ. ಅಡ್ಡಸಾಲುಗಳನ್ನು ಒಂದರ ಹಿಂದೊಂದು ಇಟ್ಟಿರುವ ಯಂತ್ರದಲ್ಲಿ ಕೊನೆಗೆ ಒಂದು ಅಡ್ಡಸಾಲನ್ನು ಸೇರಿಸಿದರೆ, ಮುಂದೆ ಸ್ಥಳ ಬಿಡುವಿರುವ ಪಕ್ಷದಲ್ಲಿ, ಹಳೆಯ ಅಂಕಿಗಳಲ್ಲಿ ಒಂದೂ ಅಲುಗುವುದಿಲ್ಲ. ಮೂರನೆಯ ಸ್ಥಾನದಲ್ಲಿ ಸೇರಿಸಿದರೆ ಹದಿನಾರು ಅಂಕಿಗಳು ನಾಲ್ಕು ನಾಲ್ಕು ಮನೆ ಮುಂದಕ್ಕೆ ಸರಿಯಬೇಕು. ಅದೇ ಬಲತುದಿಗೆ ಒಂದು ಕಂಬಸಾಲನ್ನು ಸೇರಿಸಿದರೆ? ಮೊದಲನೆಯ ಸಾಲಿನ ನಾಲ್ಕು ಅಂಕಿಗಳ ಹೊರತು ಉಳಿದ ಇಪ್ಪತ್ತೂ ಸರಿಯಬೇಕು. ಎರಡನೆಯ ಸಾಲಿನವು ಒಂದು ಮನೆ, ಮೂರನೆಯದರವು ಎರಡು, ಕೊನೆಯದರವು ಐದು. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಎರಡು ಕೆಲಸಗಳು ಯಂತ್ರಕ್ಕೆ ಒಂದೇ ಅಲ್ಲ. ನಂಪೈ ಎಂಬ ಸಾಧನವು ಸಾಮಾನ್ಯವಾಗಿ ಅಡ್ಡಸಾಲುಗಳ ಕ್ರಮದಲ್ಲಿಯೂ, ಫೋರ್ಟ್ರಾನ್ ಮತ್ತು ಮ್ಯಾಟ್‌ಲ್ಯಾಬ್ ಭಾಷೆಗಳು ಕಂಬಸಾಲುಗಳ ಕ್ರಮದಲ್ಲಿಯೂ ಅಂಕಿಗಳನ್ನು ಇಡುತ್ತವೆ. ಆದುದರಿಂದ ಒಂದರಲ್ಲಿ ಅಗ್ಗವಾದುದು ಇನ್ನೊಂದರಲ್ಲಿ ತುಟ್ಟಿಯಾಗಬಹುದು.

ಮುಂದೆ ಸ್ಥಳವಿಲ್ಲದಿದ್ದಲ್ಲಿ ಇನ್ನೂ ಕಷ್ಟ. ಆಗ ಯಂತ್ರವು ಬೇರೊಂದೆಡೆ ದೊಡ್ಡ ಜಾಗವನ್ನು ಹಿಡಿದು ಹಳೆಯದನ್ನೆಲ್ಲ ಅಲ್ಲಿಗೆ ನಕಲು ಮಾಡಬೇಕು. ಲೋಲಕದ ಸಾವಿರ ಅಳತೆಗಳನ್ನು ಒಬ್ಬ ವಿದ್ಯಾರ್ಥಿ ಒಂದೊಂದಾಗಿ ಸೇರಿಸುತ್ತಾ ಹೋದನೆನ್ನಿ. ಪ್ರತಿ ಸಲವೂ ಹಿಂದಿನ ಸಾಲುಗಳೆಲ್ಲ ನಕಲಾದರೆ, ೦, ೧, ೨ ಎಂದು ಮೊದಲಾಗಿ ೯೯೯ರವರೆಗೆ ಕೂಡಿಸಿ ನೋಡಿರಿ: ಒಟ್ಟು ೪,೯೯,೫೦೦ ಸಾಲುಗಳ ನಕಲು! ಸಾವಿರ ಸಾಲುಗಳಿಗೆ ಮೊದಲೇ ಸ್ಥಳವನ್ನು ಕಾದಿರಿಸಿಕೊಂಡಿದ್ದರೆ ಈ ನಕಲು ಒಂದೂ ಬೇಕಿರಲಿಲ್ಲ. ಇದನ್ನು ತಿಳಿಯಲು ಯಂತ್ರವಿದ್ಯೆಯೇನೂ ಬೇಡ. ಪ್ರೌಢಶಾಲೆಯಲ್ಲಿ ಕಲಿತ ಸಮಾಂತರ ಶ್ರೇಢಿಯೇ ಸಾಕು.

ಆದರೆ ಕಾಲ ವ್ಯರ್ಥವಾಗುವುದು ಸಣ್ಣ ನಷ್ಟ. ಸತ್ಯ ಕೆಡುವುದು ದೊಡ್ಡ ನಷ್ಟ. ಅದಕ್ಕೆ ನಮ್ಮದೇ ಒಂದು ಪ್ರಮಾದವನ್ನು ಉದಾಹರಣೆಯಾಗಿ ಕೊಡುತ್ತೇವೆ. ಒಮ್ಮೆ ತರಗತಿಯಲ್ಲಿ ಮೇಲಿನ ಆರು ಸಾಲುಗಳ ಪಟ್ಟಿಯಿಂದ ಕೂಡ್ಲಿಗಿ ಮತ್ತು ಕೊಟ್ಟೂರುಗಳನ್ನು ತೆಗೆದು ತೋರಿಸಬೇಕಾಗಿತ್ತು. ಕೂಡ್ಲಿಗಿ ಎರಡನೆಯದು, ಕೊಟ್ಟೂರು ನಾಲ್ಕನೆಯದು. ‘ಎರಡನೆಯ ಸಾಲನ್ನು ತೆಗೆ’ ಎಂದೆವು, ತೆಗೆಯಿತು. ‘ನಾಲ್ಕನೆಯ ಸಾಲನ್ನು ತೆಗೆ’ ಎಂದೆವು, ಅದನ್ನೂ ತೆಗೆಯಿತು. ಯಂತ್ರ ಯಾವ ದೋಷವನ್ನೂ ತೋರಿಸಲಿಲ್ಲ. ಉಳಿದ ಸಾಲುಗಳೂ ಲೆಕ್ಕಕ್ಕೆ ಸರಿಯಾಗಿ ನಾಲ್ಕೇ ಇದ್ದವು. ಲೆಕ್ಕವನ್ನು ಮುಂದುವರಿಸಿದೆವು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ನಮ್ಮ ಹಡಗಲಿ ಎಲ್ಲಿ ಹೋಯಿತು?” ಎಂದು ಕೇಳಿದಳು.

ಹಡಗಲಿ ಹೋಗಿತ್ತು; ಕೊಟ್ಟೂರು ಇತ್ತು! ಎರಡನೆಯ ಸಾಲು ಹೋದೊಡನೆ ಉಳಿದವೆಲ್ಲ ಒಂದೊಂದು ಸ್ಥಾನ ಮೇಲಕ್ಕೆ ಬಂದವು. ನಾಲ್ಕನೆಯದಾಗಿದ್ದ ಕೊಟ್ಟೂರು ಮೂರನೆಯದಾಯಿತು. ಐದನೆಯದಾಗಿದ್ದ ಹಡಗಲಿ ನಾಲ್ಕನೆಯದಾಯಿತು. ನಾವು ಹೇಳಿದ ಮಾತನ್ನು ಯಂತ್ರವು ಅಕ್ಷರಶಃ ನಡೆಸಿತು. ನಮ್ಮ ಮನಸ್ಸಿನಲ್ಲಿದ್ದುದನ್ನು ನಡೆಸಲಿಲ್ಲ. ಆ ಹುಡುಗಿ ಹಡಗಲಿಯವಳಾಗಿಲ್ಲದಿದ್ದರೆ ತಪ್ಪು ನಮ್ಮ ಗಮನಕ್ಕೆ ಬರುತ್ತಲೇ ಇರಲಿಲ್ಲವೇನೋ. ಸಾಲಿಗೆ ಒಂದು ಸ್ಥಾನವಿರುತ್ತದೆ, ಒಂದು ಹೆಸರಿರುತ್ತದೆ. ಸ್ಥಾನ ಬದಲಾಗುವಂಥದು, ಹೆಸರು ಉಳಿಯುವಂಥದು. ಬದಲಾಗುವುದನ್ನು ನಂಬಿ ಉಳಿಯುವುದನ್ನು ಮರೆತದ್ದೇ ನಮ್ಮ ತಪ್ಪು.

ಈ ತಪ್ಪಿಗೆ ಮದ್ದು ಅರುವತ್ತು ವರ್ಷಗಳಷ್ಟು ಹಿಂದೆಯೇ ಸಿಕ್ಕಿತ್ತು. ಕೆನಡಾ ದೇಶದಲ್ಲಿ ಹುಟ್ಟಿದ ಗಣಿತಜ್ಞ ಕೆನೆತ್ ಐವರ್ಸನ್ ಎಂಬವರು ೧೯೬೨ರಲ್ಲಿ ‘ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅದರ ಹೆಸರಿನ ಮೊದಲಕ್ಷರಗಳಿಂದಲೇ ಎ.ಪಿ.ಎಲ್. ಎಂಬ ಭಾಷೆಗೆ ಹೆಸರಾಯಿತು. ಅಂಕಿಗಳನ್ನು ಒಂದೊಂದಾಗಿ ಮುಟ್ಟದೆ ಇಡೀ ಪಟ್ಟಿಯನ್ನು ಒಂದೇ ವಸ್ತುವೆಂದು ಎಣಿಸಿ ಅದರ ಮೇಲೆ ಕ್ರಿಯೆಯನ್ನು ನಡೆಸುವುದು ಈ ಭಾಷೆಯ ವೈಶಿಷ್ಟ್ಯ. ಇಂಥವನ್ನು ಸರಣಿ ಭಾಷೆಗಳೆನ್ನಬಹುದು. ೧೯೭೯ರಲ್ಲಿ ಐವರ್ಸನ್ನರಿಗೆ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಸಂಕೇತಗಳು ಆಲೋಚನೆಯ ಸಾಧನವೆಂಬುದೇ ಅವರ ಪ್ರಶಸ್ತಿ ಭಾಷಣದ ವಿಷಯವಾಗಿತ್ತು.

ಐವರ್ಸನ್ನರ ಕ್ರಮದಲ್ಲಿ ‘ಇದನ್ನು ತೆಗೆ’ ಎಂದು ಹೇಳುವುದಿಲ್ಲ. ‘ಇವನ್ನು ಉಳಿಸಿಕೊ’ ಎಂದು ಹೇಳುತ್ತೇವೆ. ಆರು ಸಾಲುಗಳ ಎದುರಿಗೆ ಆರು ಗುರುತುಗಳು. ಉಳಿಯಬೇಕಾದುದರ ಎದುರು ಒಂದು, ಹೋಗಬೇಕಾದುದರ ಎದುರು ಸೊನ್ನೆ:

೧ ೦ ೧ ೦ ೧ ೧

ಇದನ್ನು ಪಟ್ಟಿಯ ಮೇಲೆ ಪ್ರಯೋಗಿಸಿದರೆ ಕೂಡ್ಲಿಗಿ ಮತ್ತು ಕೊಟ್ಟೂರುಗಳು ಒಟ್ಟಿಗೆ ಹೊರಗಾಗುತ್ತವೆ. ಒಂದು ಹೋದ ಮೇಲೆ ಇನ್ನೊಂದು ಎಂಬ ಕ್ರಮವೇ ಇಲ್ಲದಿರುವುದರಿಂದ ಸ್ಥಾನಗಳು ನಡುದಾರಿಯಲ್ಲಿ ಪಲ್ಲಟವಾಗುವ ಭಯವೂ ಇಲ್ಲ. ಇದಕ್ಕೆ ಸಂಕೋಚನವೆಂದು ಹೆಸರು. ಇದರ ಎದುರಿನ ಕ್ರಿಯೆ ವಿಸ್ತರಣ. ನಾಲ್ಕು ಸಾಲುಗಳ ಪಟ್ಟಿಗೆ ಅದೇ ಗುರುತುಗಳನ್ನು ಹಿಡಿದರೆ, ಒಂದು ಇದ್ದಲ್ಲಿ ಹಳೆಯ ಸಾಲು ಬಂದು ಕೂರುತ್ತದೆ. ಸೊನ್ನೆ ಇದ್ದಲ್ಲಿ ಸೊನ್ನೆಗಳಿಂದ ತುಂಬಿದ ಹೊಸ ಸಾಲು ಹುಟ್ಟುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ಈ ಗುರುತುಗಳನ್ನು ನಾವು ಕೈಯಿಂದ ಬರೆಯಬೇಕಾಗಿಯೇ ಇಲ್ಲ. ‘ಹೆಸರು ಕೂಡ್ಲಿಗಿಯಲ್ಲ, ಕೊಟ್ಟೂರೂ ಅಲ್ಲ’ ಎಂಬ ಷರತ್ತನ್ನು ಬರೆದರೆ ಯಂತ್ರವೇ ಒಂದು ಸೊನ್ನೆಗಳನ್ನು ಲೆಕ್ಕಹಾಕಿಕೊಳ್ಳುತ್ತದೆ. ಸ್ಥಾನದ ಮಾತು ಹೋಗಿ ಹೆಸರಿನ ಮಾತು ಬಂದಿತು.

ಇಂದಿನ ಸಾಧನಗಳಲ್ಲಿಯೂ ಇದೇ ತತ್ತ್ವವಿದೆ. ನಂಪೈಯಲ್ಲಿ ಎರಡು ಸಾಲುಗಳ ಸ್ಥಾನಗಳನ್ನು ಒಟ್ಟಿಗೆ ಕೊಟ್ಟು ತೆಗೆಯಲು ಹೇಳಿದರೆ ಅದು ಎರಡನ್ನೂ ಮೂಲ ಪಟ್ಟಿಯ ಸ್ಥಾನಗಳೆಂದೇ ತಿಳಿಯುತ್ತದೆ. ಮೂಲವನ್ನು ಮುಟ್ಟದೆ ಹೊಸ ಪಟ್ಟಿಯನ್ನು ಕೊಡುತ್ತದೆ. ಅಡ್ಡಸಾಲೋ ಕಂಬಸಾಲೋ ಎಂಬುದನ್ನು ಹೇಳಲು ಮರೆತರೆ ಮಾತ್ರ ಇಡೀ ಆಯತವನ್ನು ಒಂದೇ ಪಂಕ್ತಿಯಾಗಿ ಬಿಡಿಸಿಬಿಡುತ್ತದೆ. ಮ್ಯಾಟ್‌ಲ್ಯಾಬಿನಲ್ಲಿ ಸಾಲಿಗೆ ಬರಿದಾದ ಆವರಣವನ್ನು ಸಮವೆಂದು ಬರೆದರೆ ಆ ಸಾಲು ಇದ್ದ ಪಟ್ಟಿಯಿಂದಲೇ ಮಾಯವಾಗುತ್ತದೆ. ಒಂದು ಸ್ಥಾನಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಇನ್ನೊಂದು ಒಂದರಿಂದ. ಭಾಷೆ ಬದಲಾದಂತೆ ಮರ್ಯಾದೆಗಳು ಬದಲಾಗುತ್ತವೆ. ಹೆಸರು ಹಿಡಿದು ಕರೆಯುವವನಿಗೆ ಮೋಸವಿಲ್ಲ.

ಈಗ ಮಾತೃಕೆಗಳ ಅಧ್ಯಾಯಕ್ಕೆ ಬರೋಣ. ಅಳಿಸುವುದೂ ಸೇರಿಸುವುದೂ ವಾಸ್ತವವಾಗಿ ಗುಣಾಕಾರಗಳೇ. ಮೂರೇ ಸಾಲುಗಳ ಪಟ್ಟಿಯನ್ನು ತೆಗೆದುಕೊಳ್ಳಿ: ಕೂಡ್ಲಿಗಿ ೯, ಹಡಗಲಿ ೭, ಹರಪನಹಳ್ಳಿ ೮. ಇವು ಉದಾಹರಣೆಗೆಂದು ನಾವು ಬರೆದುಕೊಂಡ ಅಂಕಿಗಳು. ಯಾವ ಗಣತಿಯವೂ ಅಲ್ಲ. ಈ ಪಟ್ಟಿಯನ್ನು ಎಡಗಡೆಯಿಂದ

೧ ೦ ೦
೦ ೧ ೦

ಎಂಬ ಮಾತೃಕೆಯಿಂದ ಗುಣಿಸಿದರೆ ೯, ೭ ಎಂಬ ಎರಡೇ ಸಾಲುಗಳು ಉಳಿಯುತ್ತವೆ. ಹರಪನಹಳ್ಳಿ ಹೋಯಿತು. ಇದೇ ಮಾತೃಕೆಯ ಅಡ್ಡಸಾಲುಗಳನ್ನು ಕಂಬಸಾಲುಗಳಾಗಿ ನಿಲ್ಲಿಸಿ

೧ ೦
೦ ೧
೦ ೦

ಎಂದು ಬರೆದು, ಅದರಿಂದ ಈ ಎರಡು ಸಾಲುಗಳನ್ನು ಗುಣಿಸಿರಿ. ಮೂರು ಸಾಲುಗಳು ಮರಳಿ ಬರುತ್ತವೆ: ೯, ೭, ೦. ಸಾಲು ಬಂದಿತು, ಅದರೊಳಗಿನ ಎಂಟು ಬರಲಿಲ್ಲ. ಕಂಬಸಾಲುಗಳನ್ನು ತೆಗೆಯಬೇಕಾದರೆ ಇಂಥದೇ ಮಾತೃಕೆಯಿಂದ ಬಲಗಡೆಯಿಂದ ಗುಣಿಸಬೇಕು. ಮಾತೃಕೆಗಳ ಗುಣಾಕಾರದಲ್ಲಿ ಎಡಬಲಗಳನ್ನು ಅದಲುಬದಲು ಮಾಡಬಾರದೆಂದು ನಾವು ಕಂಠಪಾಠ ಮಾಡಿಸುವ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ಅರ್ಥ ಬೇಕೆ?

ಮೊದಲು ಬರಿ ಸಾಲನ್ನು ಸೇರಿಸಿ ಆಮೇಲೆ ಅದನ್ನು ತೆಗೆದರೆ ಇದ್ದುದು ಇದ್ದಂತೆಯೇ ದೊರೆಯುತ್ತದೆ. ಮೊದಲು ತೆಗೆದು ಆಮೇಲೆ ಸೇರಿಸಿದರೆ ಇದ್ದುದು ದೊರೆಯುವುದಿಲ್ಲ. ಸೊನ್ನೆ ಮಾತ್ರ ದೊರೆಯುತ್ತದೆ. ಅದೂ ಸುಮ್ಮನಿರುವ ಸೊನ್ನೆಯಲ್ಲ. ಮೊದಲಿನ ಮೂರು ಅಂಕಿಗಳ ಸರಾಸರಿ ೮ ಆಗಿತ್ತು. ಈಗ ಅದು ಐದೂ ಮೂರನೆಯ ಒಂದಕ್ಕೆ ಇಳಿದಿದೆ. ‘ಇಲ್ಲ’ ಎಂಬುದಕ್ಕೂ ‘ಗೊತ್ತಿಲ್ಲ’ ಎಂಬುದಕ್ಕೂ ಇರುವ ಭೇದವನ್ನು ಸೊನ್ನೆ ತಿಳಿಯದು. ಮಳೆಮಾಪಕದ ಸೊನ್ನೆ ಬರಗಾಲದ ಸೂಚನೆ. ಆ ದಿನ ಮಾಪಕವನ್ನು ಯಾರೂ ಓದಲಿಲ್ಲವೆಂಬುದಕ್ಕೂ ಸೊನ್ನೆಯನ್ನೇ ಬರೆದರೆ ಮಳೆ ಬಂದ ಊರಿಗೂ ಬರಗಾಲ ಬಂದಂತಾಗುತ್ತದೆ. ಆದಕಾರಣ ಹೊಸ ಸಾಲನ್ನು ಸೇರಿಸುವಾಗ ತಿಳಿಯದ ಮನೆಗಳಲ್ಲಿ ‘ಸಂಖ್ಯೆಯಿಲ್ಲ’ ಎಂಬ ಪ್ರತ್ಯೇಕ ಗುರುತನ್ನು ಇಡತಕ್ಕದ್ದು. ಈ ಗುರುತಿಗೆ ಇಂದಿನ ಸಾಧನಗಳಲ್ಲಿ ಅವಕಾಶವುಂಟು.

ಹೊಸ ಸಾಲಿನೊಳಗೆ ಏನನ್ನು ತುಂಬಬೇಕೆಂಬ ಪ್ರಶ್ನೆ ಇನ್ನೂ ಗಹನವಾದುದು. ಕೊಟ್ಟೂರು ಪಟ್ಟಣ ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ೨೦೧೭ರಲ್ಲಿ ರಾಜ್ಯದ ಮುಂಗಡಪತ್ರ ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ಕುರುಗೋಡು, ಕಂಪ್ಲಿಗಳ ಜತೆಗೆ ಕೊಟ್ಟೂರೂ ಆ ಪಟ್ಟಿಯಲ್ಲಿ ಸೇರಿತು. ಪಟ್ಟಿಗೆ ಒಂದು ಸಾಲು ಹೆಚ್ಚಿತೆಂದು ಜನ ಹೆಚ್ಚಿದರೇನು? ಇಲ್ಲವಷ್ಟೆ. ಸುಲಭವಾಗಲೆಂದು ಹೊಸ ತಾಲ್ಲೂಕೆಲ್ಲ ಕೂಡ್ಲಿಗಿಯಿಂದಲೇ ಬಂದಿತೆಂದು ಇಟ್ಟುಕೊಂಡು ಅದಕ್ಕೆ ೪ ಎಂದು ಬರೆದರೆ, ಕೂಡ್ಲಿಗಿಯ ೯ ಐದಕ್ಕೆ ಇಳಿಯಲೇಬೇಕು. ಕೂಡ್ಲಿಗಿಯ ಸಾಲನ್ನು ಮುಟ್ಟದೆ ಕೊಟ್ಟೂರಿನ ಸಾಲನ್ನಷ್ಟೇ ಸೇರಿಸಿದವನ ಪಟ್ಟಿಯಲ್ಲಿ ಮೊತ್ತ ೨೪ರಿಂದ ೨೮ಕ್ಕೆ ಏರುತ್ತದೆ. ನಾಲ್ಕು ಅಂಕಿ ಶೂನ್ಯದಿಂದ ಹುಟ್ಟಿದವು! ಶಕ್ತಿ ಶೂನ್ಯದಿಂದ ಹುಟ್ಟದೆಂದು ಪಾಠ ಹೇಳುವ ನಾವು ಇದನ್ನು ಒಪ್ಪಲಾದೀತೆ? ಸಾಲುಗಳನ್ನು ಒಡೆಯುವಾಗಲೂ ಕೂಡಿಸುವಾಗಲೂ ಒಂದು ಸಂರಕ್ಷಣ ನಿಯಮವುಂಟು. ಮುಂಚಿನ ಮೊತ್ತವನ್ನೂ ಅನಂತರದ ಮೊತ್ತವನ್ನೂ ಹೋಲಿಸಿ ನೋಡುವುದು ವಿದ್ಯಾರ್ಥಿಯ ಕರ್ತವ್ಯ.

ಎಲ್ಲ ಕಂಬಸಾಲುಗಳೂ ಈ ನಿಯಮಕ್ಕೆ ಒಳಪಡುವುವೆಂದು ಮಾತ್ರ ತಿಳಿಯಬಾರದು. ಜನಸಂಖ್ಯೆ ಹಂಚಿಹೋಗುತ್ತದೆ, ವಿಸ್ತೀರ್ಣ ಹಂಚಿಹೋಗುತ್ತದೆ. ಮಳೆಯ ಸೆಂಟಿಮೀಟರುಗಳು ಹಂಚಿಹೋಗುವುದಿಲ್ಲ. ತಾಲ್ಲೂಕು ಎರಡಾಯಿತೆಂದು ಮಳೆ ಅರ್ಧವಾಗದು. ಊರಿಂದೂರಿಗೆ ಇರುವ ದೂರಗಳ ಪಟ್ಟಿಯಾದರೋ ಇನ್ನೊಂದು ಬಗೆ. ಐದು ಊರುಗಳ ಪಟ್ಟಿಗೆ ಆರನೆಯದು ಬಂದರೆ ಒಂದು ಅಡ್ಡಸಾಲಿನೊಡನೆ ಒಂದು ಕಂಬಸಾಲೂ ಬರಬೇಕು. ಹಳೆಯ ದೂರಗಳಲ್ಲಿ ಒಂದೂ ಬದಲಾಗಬಾರದು. ಸೇರಿಸು ಎಂಬ ಗುಂಡಿ ಒಂದೇ. ಸೇರಿಸುವುದರ ಅರ್ಥ ಮೂರು. ಗುಂಡಿಗೆ ಈ ಭೇದ ತಿಳಿಯದು.

ಅಳಿಸುವುದರಲ್ಲಿಯೂ ಇಂಥ ಭೇದವಿರುವುದನ್ನು ನಮ್ಮ ಭೌತವಿಜ್ಞಾನವೇ ಚೆನ್ನಾಗಿ ತೋರಿಸುತ್ತದೆ. ಅ, ಬ, ಕ ಎಂಬ ಮೂರು ಬಿಂದುಗಳಿವೆ. ಅ ಮತ್ತು ಬಗಳ ನಡುವೆ ಒಂದು ಓಮ್ ರೋಧಕ. ಬ ಮತ್ತು ಕಗಳ ನಡುವೆ ಇನ್ನೊಂದು. ಈ ಮಂಡಲದ ವಾಹಕತ್ವದ ಮಾತೃಕೆ ಹೀಗಿದೆ:

೧  −೧  ೦
−೧  ೨  −೧
೦  −೧  ೧

ನಡುವಿನ ಬ ನಮಗೆ ಬೇಡ. ಅದರ ಅಡ್ಡಸಾಲನ್ನೂ ಕಂಬಸಾಲನ್ನೂ ಅಳಿಸಿದೆವೆನ್ನಿ. ಉಳಿಯುವುದು

೧  ೦
೦  ೧

ಇದರಲ್ಲಿ ಅ ಮತ್ತು ಕಗಳಿಗೆ ಪರಸ್ಪರ ಸಂಬಂಧವೇ ಇಲ್ಲ. ಏಕೆಂದರೆ ಸಾಲನ್ನು ಹೀಗೆ ಅಳಿಸುವುದೆಂದರೆ ಆ ಬಿಂದುವನ್ನು ಭೂಮಿಗೆ ಜೋಡಿಸಿ ಅದರ ವಿಭವವನ್ನು ಸೊನ್ನೆ ಮಾಡಿದಂತೆ. ನಮಗೆ ಬೇಕಾಗಿದ್ದುದು ಅದಲ್ಲ. ಬಗೆ ಹೊರಗಿನಿಂದ ವಿದ್ಯುತ್ತು ಬರುವುದಿಲ್ಲವೆಂಬ ಸಮೀಕರಣದಿಂದ ಅದರ ವಿಭವವನ್ನು ಕಂಡುಹಿಡಿದು, ಉಳಿದ ಸಮೀಕರಣಗಳಲ್ಲಿ ಆದೇಶಿಸಿದರೆ ಬರುವ ಮಾತೃಕೆ ಇದು:

½  −½
−½  ½

ಎರಡು ಓಮುಗಳ ಒಂದೇ ರೋಧಕ! ಸರಣಿಯಲ್ಲಿ ಜೋಡಿಸಿದ ರೋಧಕಗಳ ಸೂತ್ರವೇ ಇಲ್ಲಿ ಹೊರಬಂದಿತು. ಬ ಹೋಯಿತು, ಆದರೆ ಹೋಗುವ ಮೊದಲು ತನ್ನ ನೆರೆಯವರ ಸಂಬಂಧವನ್ನು ಅವರಿಗೆ ಒಪ್ಪಿಸಿ ಹೋಯಿತು. ಅಳಿಸುವುದು ಬೇರೆ, ನಿರಸನ ಮಾಡುವುದು ಬೇರೆ. ಎರಡರಲ್ಲಿಯೂ ಮಾತೃಕೆ ಚಿಕ್ಕದಾಗುತ್ತದೆ. ಒಂದರಲ್ಲಿ ಸತ್ಯ ಉಳಿಯುತ್ತದೆ.

“ಇಷ್ಟು ತತ್ತ್ವವೇಕೆ? ಗುಂಡಿಯನ್ನೊತ್ತಿದರೆ ಕೆಲಸವಾಗುತ್ತದಲ್ಲ, ಪಾಠಕ್ಕೆ ಸಮಯವೆಲ್ಲಿದೆ?” ಎಂದು ಕೆಲವು ಮಿತ್ರರು ಆಕ್ಷೇಪಿಸುವುದುಂಟು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಗಣಕಯಂತ್ರವಿರುವುದೇ ಬೇಸರದ ಕೆಲಸವನ್ನು ನಮ್ಮಿಂದ ತಪ್ಪಿಸುವುದಕ್ಕೆ. ಪ್ರತಿ ಸಲವೂ ಮಾತೃಕೆಗಳನ್ನು ಗುಣಿಸಿಯೇ ಸಾಲನ್ನು ತೆಗೆಯಿರೆಂದು ನಾವು ಹೇಳುತ್ತಿಲ್ಲ. ಹಾಗೆ ಮಾಡುವುದು ಯಂತ್ರಕ್ಕೂ ಹೊರೆಯೇ. ಒಮ್ಮೆ ಮಾಡಿ ನೋಡಿ, ಅರ್ಥವನ್ನು ತಿಳಿದು, ಆಮೇಲೆ ಗುಂಡಿಯನ್ನೊತ್ತಿರೆಂಬುದಷ್ಟೇ ನಮ್ಮ ಪ್ರಾರ್ಥನೆ. ಸಮಯದ ಮಾತಿಗೆ ಬಂದರೆ, ಮಾತೃಕೆಗಳನ್ನು ಗುಣಿಸಲು ನಾವು ಹೇಗೂ ಕಲಿಸುತ್ತಿದ್ದೇವೆ. ಅರ್ಥವಿಲ್ಲದ ಅಂಕಿಗಳ ಬದಲು ಮಕ್ಕಳ ಸ್ವಂತ ತಾಲ್ಲೂಕುಗಳ ಅಂಕಿಗಳನ್ನು ಕೊಟ್ಟರೆ ಹೆಚ್ಚಿನ ಸಮಯವೇನೂ ಬೇಡ.

ಇದರಲ್ಲಿ ಪಣವಾಗಿರುವುದು ಪರೀಕ್ಷೆಯ ಅಂಕಗಳಷ್ಟೇ ಅಲ್ಲ. ೨೦೧೧ರ ಜನಗಣತಿಯ ಪಟ್ಟಿಯಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿದೆ, ಕೊಟ್ಟೂರು ತಾಲ್ಲೂಕಾಗಿ ಇಲ್ಲವೇ ಇಲ್ಲ, ವಿಜಯನಗರ ಜಿಲ್ಲೆ ಇನ್ನೂ ಹುಟ್ಟಿಲ್ಲ. ಆ ಬಳ್ಳಾರಿಯನ್ನು ಐದು ತಾಲ್ಲೂಕುಗಳ ಇಂದಿನ ಬಳ್ಳಾರಿಯೊಡನೆ ಹೋಲಿಸಿ ‘ಬಳ್ಳಾರಿಯ ಜನಸಂಖ್ಯೆ ಕುಸಿಯಿತು’ ಎಂದು ಬರೆಯುವವನು ಗಣಿತದಲ್ಲಿ ತಪ್ಪುವುದಿಲ್ಲ; ವಿವೇಕದಲ್ಲಿ ತಪ್ಪುತ್ತಾನೆ. ಸಂವಿಧಾನದ ೩೭೧ ಜೆ ವಿಧಿ ೨೦೧೩ರಲ್ಲಿ ಜಾರಿಗೆ ಬಂದಾಗ ಅದರ ಸೌಲಭ್ಯ ದೊರೆತುದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ. ಆ ಪ್ರದೇಶದವರಿಗೆ ವಿದ್ಯಾಸಂಸ್ಥೆಗಳಲ್ಲಿಯೂ ಸರಕಾರಿ ಹುದ್ದೆಗಳಲ್ಲಿಯೂ ಮೀಸಲಾತಿಗೆ ಅದು ದಾರಿಮಾಡಿತು. ಹರಪನಹಳ್ಳಿಯ ಸಾಲು ಆಗ ದಾವಣಗೆರೆಯ ಪಟ್ಟಿಯಲ್ಲಿತ್ತು. ೨೦೧೮ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿದ ಮೇಲೆ ಆ ಬಾಗಿಲು ಅದಕ್ಕೂ ತೆರೆಯಿತು. ಸಾಲು ಎಲ್ಲಿ ಬರೆಯಲ್ಪಟ್ಟಿದೆಯೆಂಬುದರ ಮೇಲೆ ಒಬ್ಬ ಹುಡುಗನಿಗೆ ವೈದ್ಯಕೀಯ ಕಾಲೇಜಿನ ಸ್ಥಾನ ದೊರೆಯುವುದೂ ದೊರೆಯದಿರುವುದೂ ನಿಂತಿತ್ತು. ಸಾಲಿನ ಹಿಂದೆ ಮನುಷ್ಯರಿರುತ್ತಾರೆ.

ಹಾಗಾದರೆ ಇಂಥ ಪಟ್ಟಿಯನ್ನು ಹೇಗೆ ಇಡಬೇಕು? ನಮ್ಮ ಸಲಹೆ ಸರಳವಾದುದು. ಜಿಲ್ಲೆಯನ್ನು ಪಟ್ಟಿಯ ಗೋಡೆಯನ್ನಾಗಿ ಮಾಡಬೇಡಿ. ಒಂದು ಕಂಬಸಾಲನ್ನಾಗಿ ಮಾಡಿ. ಆದಷ್ಟು ಸಣ್ಣ ಘಟಕಗಳನ್ನು, ಸಾಧ್ಯವಾದರೆ ಒಂದೊಂದು ಹಳ್ಳಿಯನ್ನು, ಒಂದೊಂದು ಅಡ್ಡಸಾಲಾಗಿ ಬರೆಯಿರಿ. ಪಕ್ಕದಲ್ಲಿ ವರ್ಷ, ತಾಲ್ಲೂಕು, ಜಿಲ್ಲೆ ಎಂಬ ಕಂಬಸಾಲುಗಳಿರಲಿ. ಹರಪನಹಳ್ಳಿಯ ಹಳ್ಳಿಗಳ ಎದುರು ೧೯೯೬ಕ್ಕೆ ಬಳ್ಳಾರಿ, ೨೦೧೧ಕ್ಕೆ ದಾವಣಗೆರೆ, ೨೦೨೨ಕ್ಕೆ ವಿಜಯನಗರ ಎಂದಿರಲಿ. ಆಗ ಯಾವ ಸಾಲನ್ನೂ ಅಳಿಸಬೇಕಾಗಿಲ್ಲ. ಯಾವ ವರ್ಷದ ಯಾವ ಜಿಲ್ಲೆ ಬೇಕೋ ಅದರ ಷರತ್ತನ್ನು ಬರೆದರೆ ಒಂದು ಸೊನ್ನೆಗಳ ಗುರುತು ತಾನಾಗಿ ಹುಟ್ಟುತ್ತದೆ. ಬೇಕಾದ ಸಾಲುಗಳು ಮುಂದೆ ಬಂದು ನಿಲ್ಲುತ್ತವೆ. ಬೇಡವಾದವು ಹಿಂದೆ ಭದ್ರವಾಗಿರುತ್ತವೆ. ಸಣ್ಣವನ್ನು ಕೂಡಿಸಿ ದೊಡ್ಡದನ್ನು ಯಾವಾಗ ಬೇಕಾದರೂ ಮಾಡಬಹುದು. ಬರಿಯ ಮೊತ್ತವನ್ನು ಇಟ್ಟುಕೊಂಡು ಅದನ್ನು ಮತ್ತೆ ಒಡೆಯಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಕೂಡ್ಲಿಗಿ ೯ ಎಂಬಷ್ಟೇ ತಿಳಿದಿದ್ದರೆ ಅದರಲ್ಲಿ ಕೊಟ್ಟೂರಿನ ಪಾಲೆಷ್ಟೆಂದು ಹೇಳುವವರಾರು?

ಪ್ರಯೋಗಶಾಲೆಗೂ ಇದೇ ಮಾತು ಸಲ್ಲುತ್ತದೆ. ಲೋಲಕದ ಹತ್ತು ಅಳತೆಗಳಲ್ಲಿ ಒಂದು ಉಳಿದವುಗಳೊಡನೆ ಹೊಂದದಿದ್ದರೆ ಅದನ್ನು ಅಳಿಸಿಬಿಡುವ ಚಪಲ ಎಲ್ಲ ವಿದ್ಯಾರ್ಥಿಗಳಿಗೂ ಉಂಟು, ನಮಗೂ ಇತ್ತು. ಅಳಿಸಬೇಡಿ. ಎದುರಿಗೆ ಒಂದು ಸೊನ್ನೆಯನ್ನು ಹಾಕಿ, ಏಕೆ ಹಾಕಿದಿರೆಂಬುದನ್ನು ಪಕ್ಕದಲ್ಲಿ ಬರೆಯಿರಿ. ನಾಳೆ ಆ ಅಳತೆಯೇ ಸರಿಯೆಂದು ತಿಳಿದುಬಂದರೆ ಸೊನ್ನೆಯನ್ನು ಒಂದು ಮಾಡಿದರಾಯಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ವಿದ್ಯಾರ್ಥಿ ಮಿತ್ರರಿಗೆ ಈ ಪಾಠಕ್ಕೆ ಬೇರೆ ಪುಸ್ತಕ ಬೇಕಾಗಿಲ್ಲ. ಮನೆಯ ಹಿರಿಯರನ್ನು ಕೇಳಿ, ನಿಮ್ಮ ಊರು ಯಾವ ವರ್ಷ ಯಾವ ಜಿಲ್ಲೆ, ಯಾವ ತಾಲ್ಲೂಕಿನಲ್ಲಿತ್ತೆಂದು ಒಂದು ಪಟ್ಟಿಯನ್ನು ಬರೆಯಿರಿ; ಬರೆದ ಪ್ರತಿಯೊಂದು ಬದಲಾವಣೆಯನ್ನೂ ಸೊನ್ನೆ ಒಂದುಗಳ ಮಾತೃಕೆಯಾಗಿ ತೋರಿಸಲು ಪ್ರಯತ್ನಿಸಿರಿ. ಕೊನೆಯಲ್ಲಿ ಮೊತ್ತ ತಾಳೆಯಾಗುತ್ತದೆಯೇ ಎಂದು ನೋಡಲು ಮರೆಯಬೇಡಿ. ತಾಳೆಯಾಗದಿದ್ದರೆ ನಮ್ಮ ತರಗತಿಯ ಆ ಹುಡುಗಿಯಂತೆ ಎದ್ದು ನಿಂತು ಕೇಳಿರಿ: ನಮ್ಮ ಊರು ಎಲ್ಲಿ ಹೋಯಿತು?